ಹಳೆಯ ಕಾರಿನ ಕಡಕಡ ಸದ್ದಿಗೆ ಕಾರಣವೇನು?

ಯಜಮಾನರು ಗಲ್ಫ್‌ನಲ್ಲಿ, ಅಂಗಳದಲ್ಲೊಂದು ಹಳೆಯ ಕಾರು. ಮಕ್ಕಳನ್ನು ಶಾಲೆ, ಮದ್ರಸಕ್ಕೆ ಬಿಡಲು, ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯಲು, ತವರಿಗೆ ಹೋಗಿಬರಲು ಅದೇ ಆಸರೆ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಚಿತ್ರವಿದು. ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತರೂ ಅದನ್ನು ಜೋಪಾನವಾಗಿ ಇಟ್ಟುಕೊಂಡ ಮನೆಗಳು ಇನ್ನೂ ಇವೆ.

ಮಳೆಗಾಲ ಮುಗಿಯುವ ಹೊತ್ತಿಗೆ ಇಂತಹ ಕಾರಿನ ಮುಂಭಾಗದಿಂದ ಸದ್ದು ಶುರುವಾಗುತ್ತದೆ. ಗ್ಯಾರೇಜಿಗೆ ಹೋಗಿ "ಏನೋ ಸದ್ದು ಬರ್ತಿದೆ, ನೋಡಿ" ಎಂದರೆ "ಸಸ್ಪೆನ್ಷನ್ ಪೂರ್ತಿ ಹೋಗಿದೆ, ಎಲ್ಲ ಬದಲಿಸಬೇಕು" ಎಂಬ ಉತ್ತರ ಸಿಗುವುದೂ ಉಂಟು. ಕೆಲವೊಮ್ಮೆ ಅದು ನಿಜವೇ. ಆದರೆ ಒಂದು ಸಣ್ಣ ರಬ್ಬರ್ ಬುಷ್ ಸವೆದದ್ದಕ್ಕೆ ದೊಡ್ಡ ಬಿಲ್ ತೆತ್ತವರೂ ಇದ್ದಾರೆ. ಹಾಗೆಂದು ಸದ್ದನ್ನು ಕಡೆಗಣಿಸುವುದು ಇನ್ನೂ ಅಪಾಯ. ರಿಪೇರಿ ನಾವು ಮಾಡಬೇಕಾಗಿಲ್ಲ, ಆದರೆ ರೋಗದ ಗುರುತು ತಿಳಿದಿರಬೇಕು.

ಒಳಗೆ ಏನಿದೆ?

ಮಾರುತಿ 800, ಆಲ್ಟೋದಂತಹ ಕಾರುಗಳ ಮುಂದಿನ ಪ್ರತಿ ಚಕ್ರದ ಹಿಂದೆ ಒಂದು ಸ್ಟ್ರಟ್ ಇರುತ್ತದೆ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡೂ ಅದರಲ್ಲೇ ಸೇರಿವೆ. ಭಾರ ಹೊರುವುದು ಸ್ಪ್ರಿಂಗ್. ಅದು ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರ್. ಕೆಳಗೆ ಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳಿಗೆ ಲೋವರ್ ಆರ್ಮ್ ಎನ್ನುತ್ತಾರೆ. ಅದರ ಒಳತುದಿಯಲ್ಲಿ ರಬ್ಬರ್ ಬುಷ್, ಹೊರತುದಿಯಲ್ಲಿ ಬಾಲ್ ಜಾಯಿಂಟ್ ಇವೆ. ತಿರುವಿನಲ್ಲಿ ಕಾರು ಒಂದು ಕಡೆಗೆ ವಾಲದಂತೆ ಎರಡೂ ಬದಿಗಳನ್ನು ಜೋಡಿಸುವ ಸರಳು ಸ್ಟೆಬಿಲೈಸರ್ ಬಾರ್. ಅದಕ್ಕೂ ಬುಷ್‌ಗಳಿವೆ. ಹಳೆಯ ಕಾರಿನಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಈ ರಬ್ಬರ್‌ಗಳೇ. ವರ್ಷಗಳು ಕಳೆದಂತೆ ಅವು ಗಟ್ಟಿಯಾಗಿ ಬಿರುಕು ಬಿಡುತ್ತವೆ.

ಸದ್ದು ಯಾವಾಗ ಬರುತ್ತದೆ?

ಮೆಕ್ಯಾನಿಕ್‌ಗೆ ಬೇಕಾದ ಮೊದಲ ಮಾಹಿತಿ ಇದು.

• ನಿಧಾನವಾಗಿ ಹೋಗುವಾಗ ಸಣ್ಣ ಸಣ್ಣ ಉಬ್ಬುತಗ್ಗಿಗೂ ಕಡಕಡ ಎಂದರೆ ಸ್ಟೆಬಿಲೈಸರ್ ಬುಷ್ ಅಥವಾ ಅದರ ಲಿಂಕ್ ಮೇಲೆ ಸಂಶಯ ಪಡಬಹುದು.

• ಬ್ರೇಕ್ ಒತ್ತಿದಾಗ ಅಥವಾ ಕಾರು ಹೊರಡುವಾಗ ಒಂದೇ ಸಲ "ಟಕ್" ಎಂದರೆ ಲೋವರ್ ಆರ್ಮ್ ಬುಷ್ ಸವೆದಿರಬಹುದು.

• ದೊಡ್ಡ ಹೊಂಡಕ್ಕೆ ಇಳಿದಾಗ "ಧಡ್" ಎಂದು ಬಡಿದರೆ ಶಾಕ್ ಅಬ್ಸಾರ್ಬರ್ ಅಥವಾ ಸ್ಟ್ರಟ್‌ನ ಮೇಲಿನ ಮೌಂಟ್ ನೋಡಿಸಿ.

• ನಿಂತಲ್ಲೇ ಸ್ಟೇರಿಂಗ್ ತಿರುಗಿಸುವಾಗ ಕಿರಗುಟ್ಟಿದರೆ ಸ್ಟ್ರಟ್ ಮೇಲಿನ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಕಾರಣವಿರಬಹುದು.

ಎರಡು ಸದ್ದುಗಳು ಸಸ್ಪೆನ್ಷನ್‌ಗೆ ಸೇರಿದವಲ್ಲ. ವೇಗ ಹೆಚ್ಚಿದಂತೆ ಹೆಚ್ಚುವ "ಗುಂಯ್" ಸದ್ದು ಬಹುತೇಕ ಚಕ್ರದ ಬೇರಿಂಗ್‌ನದ್ದು ಅಥವಾ ಟೈರಿನದ್ದು. ಪೂರ್ತಿ ತಿರುಗಿಸಿ ಹೋಗುವಾಗ ಒಂದೇ ಸಮನೆ ಬರುವ "ಟಕ್ ಟಕ್ ಟಕ್" ಆಕ್ಸಲ್ ಜಾಯಿಂಟ್‌ನದ್ದು.

ಮನೆಯಲ್ಲೇ ನೋಡಬಹುದಾದದ್ದು

ಟೈರಿನ ಮೇಲೆ ಕೈಯಾಡಿಸಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಸಡಿಲವಾದ ಬುಷ್ ಅದಕ್ಕೆ ಕಾರಣವಾಗಿರಬಹುದು. ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಪರೀಕ್ಷಿಸಬೇಕು. ಕಾರು ಒಂದು ಬದಿಗೆ ಎಳೆದರೆ ಮೊದಲು ಗಾಳಿ ನೋಡಿಸಿ, ಉಳಿದದ್ದು ಆಮೇಲೆ.

ಕಾರಿನ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟುಬಿಡಿ. ಒಮ್ಮೆ ಮೇಲೆದ್ದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಶಾಕ್ ಅಬ್ಸಾರ್ಬರ್ ದುರ್ಬಲವಾಗಿದೆ. ಕುಣಿಯಲಿಲ್ಲವೆಂದ ಮಾತ್ರಕ್ಕೆ ಅದು ಚೆನ್ನಾಗಿದೆ ಎಂದಲ್ಲ. ಚಕ್ರದ ಹಿಂದೆ ಟಾರ್ಚ್ ಬಿಟ್ಟು ನೋಡಿ. ಸ್ಟ್ರಟ್ ಮೇಲೆ ಎಣ್ಣೆ ಹರಿದು ಧೂಳು ಮೆತ್ತಿಕೊಂಡಿದ್ದರೆ ಅದರ ಕಾಲ ಮುಗಿಯಿತು. ಬಾಲ್ ಜಾಯಿಂಟ್‌ನ ರಬ್ಬರ್ ಟೋಪಿ ಹರಿದಿದ್ದರೆ ಗ್ರೀಸ್ ಹೊರಹೋಗಿ ನೀರು, ಮಣ್ಣು ಒಳಸೇರಿರುತ್ತದೆ.

ಚಕ್ರ ಎತ್ತಿ ನೋಡುವುದನ್ನು ಗ್ಯಾರೇಜಿನಲ್ಲೇ ಮಾಡಿಸಿ, ಆದರೆ ಹತ್ತಿರ ನಿಂತು ನೋಡಿ. ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿದಾಗ ಆಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸಡಿಲ. ಆಗ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ನಿಂತರೆ ದೋಷ ಬೇರಿಂಗ್‌ನದ್ದು, ನಿಲ್ಲದಿದ್ದರೆ ಬಾಲ್ ಜಾಯಿಂಟ್‌ನದ್ದು. ಎಡ-ಬಲ ಹಿಡಿದಾಗ ಮಾತ್ರ ಆಡಿದರೆ ಸ್ಟೇರಿಂಗ್‌ನ ಟೈ ರಾಡ್ ಎಂಡ್ ನೋಡಬೇಕು. ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ಯಾರೂ ನುಸುಳಬಾರದು. ಮಕ್ಕಳನ್ನಂತೂ ಹತ್ತಿರ ಬಿಡಲೇಬೇಡಿ.

ಯಾವುದು ಕಾಯಬಹುದು, ಯಾವುದು ಕಾಯಬಾರದು?

ಸ್ಟೆಬಿಲೈಸರ್ ಬುಷ್ ಬರೀ ಕಡಕಡ ಎನ್ನುತ್ತಿದ್ದರೆ ಮುಂದಿನ ತಿಂಗಳ ಹಣ ಬರುವವರೆಗೆ ನಿಧಾನವಾಗಿ ಓಡಿಸಬಹುದು. ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಸಡಿಲವಾಗಿದ್ದರೆ ಒಂದು ದಿನವೂ ಬೇಡ. ಅದು ಕಳಚಿದರೆ ಚಕ್ರ ಮಗುಚಿ ಕಾರು ಹತೋಟಿ ತಪ್ಪುತ್ತದೆ. ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಹಾಗಾದರೆ ಏನು ಗತಿ?

ರಿಪೇರಿಗೆ ಕೊಡುವಾಗ ನಾಲ್ಕು ಮಾತು ಹೇಳಿ. ಶಾಕ್ ಅಬ್ಸಾರ್ಬರ್ ಬದಲಿಸಿದರೆ ಎಡ-ಬಲ ಜೋಡಿಯಾಗಿ ಬದಲಿಸಲಿ. ಲೋವರ್ ಆರ್ಮ್ ಬುಷ್‌ನ ಬೋಲ್ಟನ್ನು ಕಾರು ಚಕ್ರದ ಮೇಲೆ ಭಾರ ಬಿಟ್ಟು ನಿಂತ ಮೇಲೆ ಪೂರ್ತಿ ಬಿಗಿಯಲಿ. ಚಕ್ರ ನೇತಾಡುವಾಗಲೇ ಬಿಗಿದರೆ ಹೊಸ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಪ್ರಾಮಾಣಿಕ ಮೆಕ್ಯಾನಿಕ್ ಇದಕ್ಕೆ ಬೇಸರಿಸುವುದಿಲ್ಲ.

ಕೊನೆಗೊಂದು ಮಾತು. ಖರ್ಚಿಗೆ ಹೆದರಿ, ದೋಷ ಮುಚ್ಚಿಟ್ಟು ಕಾರನ್ನು ಇನ್ನೊಬ್ಬರಿಗೆ ದಾಟಿಸುವವರೂ ಇದ್ದಾರೆ. ಪ್ರವಾದಿಯವರು(ಸ) ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ ಒದ್ದೆಯನ್ನು ಕಂಡಾಗ, ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಏಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ವಿಚಾರಿಸಿದ ಘಟನೆ ನಮಗೆ ಗೊತ್ತಿದೆ. ಸಡಿಲವಾದ ಬಾಲ್ ಜಾಯಿಂಟ್ ಒದ್ದೆ ಧಾನ್ಯಕ್ಕಿಂತ ಘೋರ. ಅದರ ಮೇಲೆ ಇನ್ನೊಬ್ಬ ತಾಯಿಯ ಮಕ್ಕಳು ಕುಳಿತಿರುತ್ತಾರೆ. ಮಾರುವುದಾದರೆ ದೋಷ ಹೇಳಿಯೇ ಮಾರೋಣ. ಬೆಲೆ ಕಡಿಮೆಯಾದರೂ ಬರಕತ್ ಇರುವುದು ಅದರಲ್ಲೇ.