ಬಗ್ಗಿದ ಮೊಳೆ ನೆಟ್ಟಗೆ ಮಾಡ್ಬೇಡಿ

ಅಟ್ಟದ ಸಾಮಾನು | ಕಂತು 11 (1/5)

ಮೊದಲ ಫೋಟೋದಲ್ಲಿ ಇರುವುದು ಎಂತ ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ನೋಡಿದ ಕೂಡಲೇ ಗೊತ್ತಾಗಿರ್ತದೆ. ಪ್ಲೈವುಡ್ ಹಲಗೆ, ಮೇಲೆ ಕಮಾನಿನ ಅಂಚು, ಬಲಗಡೆ ಸ್ಪ್ರಿಂಗ್ ಹಾಕಿದ ಕಡ್ಡಿ, ನಡುವೆ ಸಾಲುಸಾಲು ಮೊಳೆ, ಮೊಳೆಯ ಬೇಲಿಯೊಳಗೆ 50, 100, 500 ಅಂತ ಅಂಕಿ. ಅಂಗಡಿಯವರ ಹೆಸರು ಬ್ಯಾಗಟೆಲ್. ನಮ್ಮ ಮನೆಯಲ್ಲಿ ಅದು ಗೋಲಿ ಬೋರ್ಡ್. ಬೇಸಿಗೆ ರಜೆಯಲ್ಲಿ ಚಾವಡಿಯಲ್ಲಿ ಇದರ ಸುತ್ತ ಕೂತು ಜಗಳ ಆಡದವರು ಕೈ ಎತ್ತಿ!

ಸಿನಿಮಾದಲ್ಲಿ ಲೈಟು ಮಿನುಗಿಸಿಕೊಂಡು ಗಂಟೆ ಬಾರಿಸುವ ಪಿನ್‌ಬಾಲ್ ಮೆಷಿನ್ ಉಂಟಲ್ಲ, ಅದರ ಅಜ್ಜ ಇದು. 1871ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಮಾಂಟೆಗ್ಯೂ ರೆಡ್‌ಗ್ರೇವ್ ಎಂಬವರು ಬ್ಯಾಗಟೆಲ್ ಹಲಗೆಗೆ ಸ್ಪ್ರಿಂಗ್ ಕಡ್ಡಿ ಸೇರಿಸಿ ಪೇಟೆಂಟ್ ಪಡೆದರು. 1931ರಲ್ಲಿ ಗಾಟ್ಲೀಬ್ ಕಂಪನಿಯ ‘ಬ್ಯಾಫಲ್ ಬಾಲ್’ ಬಂತು, ನಾಣ್ಯ ಹಾಕಿ ಆಡುವ ಆಟ ಅಂಗಡಿ ಅಂಗಡಿಗೆ ಹಬ್ಬಿತು. ಗುಂಡನ್ನು ವಾಪಸ್ ಹೊಡೆಯುವ ಫ್ಲಿಪ್ಪರ್ ಬಂದದ್ದು 1947ರಲ್ಲಿ. ಅಲ್ಲಿಯವರೆಗೆ ಅಲ್ಲಿಯೂ ಇಲ್ಲಿಯ ಹಾಗೆಯೇ: ಒಮ್ಮೆ ಬಿಟ್ಟ ಮೇಲೆ ಮೊಳೆ ತೋರಿಸಿದ್ದೇ ದಾರಿ.

(2/5)

ಇಂಥ ಹಲಗೆ ಸರಿಮಾಡುವುದು ಹೇಗೆ ಅಂತ ಸುಮಾರು ಜನ ಕೇಳಿದ್ದೀರಿ. ಹೇಳ್ತೇನೆ. ಆದ್ರೆ ಅದಕ್ಕೂ ಮೊದಲು ನನ್ನ ಒಂದು ತಪ್ಪಿನ ಕಥೆ ಕೇಳಿ.

ನಾನು ಮೊದಲು ಕೈ ಹಾಕಿದ್ದು ನಮ್ಮದೇ ಮನೆಯ ಬೋರ್ಡಿಗೆ. ಹುರುಪು ಜಾಸ್ತಿ, ತಾಳ್ಮೆ ಕಡಿಮೆ. ಓರೆಯಾದ ಮೊಳೆಗಳನ್ನೆಲ್ಲ ನೋಸ್ ಪ್ಲೇಯರ್‌ನಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿದೆ. ಪೇಂಟ್ ಉಜ್ಜಿ ಹೊಸ ಬಣ್ಣ ಹಚ್ಚಿದೆ. ಹೊಸ ಸ್ಪ್ರಿಂಗ್ ಹಾಕಿದೆ. ಫಳಫಳ ಹೊಳೆಯಿತು. ದೊಡ್ಡಮ್ಮ ಬಂದಾಗ ಹೆಮ್ಮೆಯಿಂದ ಮುಂದಿಟ್ಟೆ. ಅವರು ಕಡ್ಡಿಯನ್ನು ಅರ್ಧಕ್ಕೆ ಎಳೆದು ಬಿಟ್ಟರು. ಗುಂಡು 500ರ ಹತ್ತಿರವೂ ಸುಳಿಯಲಿಲ್ಲ. ಮತ್ತೊಮ್ಮೆ. ಮಗುದೊಮ್ಮೆ. ಮೂರನೇ ಸಲಕ್ಕೆ ಕೈ ತೆಗೆದು ಕೇಳಿದರು, “ಇದು ನಮ್ಮದಲ್ಲ. ಹೊಸತು ತಂದದ್ದಾ?”

ಅರ್ಧ ಎಳೆದು ಬಿಟ್ಟರೆ ಗುಂಡು ಎಡಗಡೆಯ ಓರೆ ಮೊಳೆಗೆ ತಾಗಿ 500ಕ್ಕೆ ಇಳಿಯುತ್ತದೆ ಅಂತ ಅವರ ಕೈಗೆ ಗೊತ್ತಿತ್ತು. ಆ ಮೊಳೆಯನ್ನು ನಾನು ನೆಟ್ಟಗೆ ಮಾಡಿಬಿಟ್ಟಿದ್ದೆ. ಎಷ್ಟು ಓರೆ ಇತ್ತು ಅಂತ ಬರೆದಿಟ್ಟಿರಲಿಲ್ಲ, ಒಂದು ಫೋಟೋ ಸಹ ಇಲ್ಲ. ಇನ್ನು ಅದನ್ನು ವಾಪಸ್ ತರ್ಲಿಕ್ಕೆ ಆಗುವುದಿಲ್ಲ.

ಅದಕ್ಕೇ ನನ್ನ ಅಭಿಪ್ರಾಯ ಇದು: ಹಳೇ ಆಟದ ಸಾಮಾನು ಸರಿಮಾಡುವುದು ಅಂದ್ರೆ ಹೊಸತು ಮಾಡುವುದಲ್ಲ. ಅದು ಆಡುತ್ತಿದ್ದ ಹಾಗೆಯೇ ಮತ್ತೆ ಆಡಬೇಕು. ಅಷ್ಟೇ.

(3/5)

ಹಾಗಾದ್ರೆ ಶುರು ಎಲ್ಲಿಂದ? ಉಪಕರಣದಿಂದ ಅಲ್ಲ, ಆಟದಿಂದ. ಏನನ್ನೂ ಮುಟ್ಟುವ ಮೊದಲು 20 ಗುಂಡು ಬಿಡಿ. ಪ್ರತಿಯೊಂದು ಎಲ್ಲಿ ಬಿತ್ತು ಅಂತ ಬರೆದಿಡಿ. ಕೆಲಸ ಮುಗಿದ ಮೇಲೆ ಮತ್ತೆ 20 ಬಿಟ್ಟು ಎರಡು ಪಟ್ಟಿ ಹೋಲಿಸಿ. ಅಂಕಿ ಅಂಕಿಗೆ ಸರಿ ಹೋಗುವುದಿಲ್ಲ, ಆದ್ರೆ ಹಲಗೆಯ ಗುಣ ಬದಲಾಗಿದೆಯಾ ಅಂತ ಗೊತ್ತಾಗ್ತದೆ.

ಆಮೇಲೆ ಫೋಟೋ. ಮೇಲಿಂದ ತೆಗೆದರೆ ಸಾಲದು, ಓರೆ ಕಾಣುವುದಿಲ್ಲ. ರಾತ್ರಿ ಲೈಟ್ ಆರಿಸಿ, ಟಾರ್ಚನ್ನು ಹಲಗೆಯ ಮಟ್ಟಕ್ಕೆ ಹಿಡಿದು ನಾಲ್ಕೂ ಬದಿಯಿಂದ ತೆಗೆಯಿರಿ. ಪ್ರತಿ ಮೊಳೆಯ ನೆರಳೇ ಅದರ ಓರೆ ಹೇಳ್ತದೆ (ಮೂರನೇ ಫೋಟೋ ನೋಡಿ). ಪ್ರತಿ ಮೊಳೆಗೂ ಒಂದು ನಂಬರ್ ಕೊಡಿ.

ನಮ್ಮ ಮಣಿಪಾಲದಲ್ಲೇ ವಿಜಯನಾಥ ಶೆಣೈಯವರು ಕೆಡವಲಿದ್ದ ಹಳೇ ಮನೆಗಳನ್ನು ಕಳಚಿ ತಂದು ಹಸ್ತಶಿಲ್ಪದ ಹೆರಿಟೇಜ್ ವಿಲೇಜ್‌ನಲ್ಲಿ ಮತ್ತೆ ನಿಲ್ಲಿಸಿದರು. ಮತ್ತೆ ನಿಲ್ಲಿಸಲೆಂದೇ ಕಳಚುವವನಿಗೆ ಯಾವ ತೊಲೆ ಎಲ್ಲಿತ್ತು ಅಂತ ನೆನಪಿರಲೇಬೇಕು. ತೊಲೆಗೆ ಹೇಗೋ ಮೊಳೆಗೂ ಹಾಗೆ.

(4/5)

ಈಗ ಕೆಲಸ. ದೊಡ್ಡ ಸಾಮಾನು ಏನೂ ಬೇಡ: ನೋಸ್ ಪ್ಲೇಯರ್, ಚಿಕ್ಕ ಸುತ್ತಿಗೆ, ಹಳೇ ಟೂತ್‌ಬ್ರಶ್, ಹೊಲಿಗೆ ಮೆಷಿನಿನ ಎಣ್ಣೆ, ಫೆವಿಕಾಲ್, ಒಂದು ವರ್ನಿಯರ್.

▪️ ತುಕ್ಕು: ಕಟಪಾಡಿಯಲ್ಲಿ ಮಟ್ಟು ಕಡೆಯ ಉಪ್ಪುಗಾಳಿಗೆ ಗೇಟೇ ಉಳಿಯುವುದಿಲ್ಲ, ಇನ್ನು ಮೊಳೆ ಎಲ್ಲಿ? ಬ್ರಶ್ಶಿನ ತುದಿಗೆ ಒಂದೇ ಹನಿ ಎಣ್ಣೆ ಹಾಕಿ ಮೆಲ್ಲಗೆ ಉಜ್ಜಿ. ಮೊಳೆಯ ಬುಡಕ್ಕೆ ತೂತು ಮಾಡಿದ ಕಾಗದ ಸಿಕ್ಕಿಸಿ, ಇಲ್ಲದಿದ್ರೆ ಮರಕ್ಕೆ ಎಣ್ಣೆಕಲೆ. ಹಿತ್ತಾಳೆ ಮೊಳೆಗೆ “ಹುಣಸೆಹುಳಿ ಹಾಕಿ ತಿಕ್ಕು” ಅಂತ ಮನೆಯಲ್ಲಿ ಹೇಳಿಯೇ ಹೇಳ್ತಾರೆ. ದೀಪಕ್ಕೆ ಅದು ಸರಿ, ಇಲ್ಲಿ ಬೇಡ. ಹುಳಿನೀರು ಪ್ಲೈವುಡ್ ಒಳಗೆ ಇಳಿಯುತ್ತದೆ.

▪️ ಸಡಿಲ ಮೊಳೆ: ದೊಡ್ಡ ಮೊಳೆ ಹೊಡೀಬೇಡಿ. ಹಿಡಿಸೂಡಿಯ ಕಡ್ಡಿ ಸೀಳಿ ಫೆವಿಕಾಲ್ ಹಚ್ಚಿ ತೂತಿಗೆ ತುಂಬಿ, ಒಣಗಿದ ಮೇಲೆ ಅದೇ ಮೊಳೆಯನ್ನು ಅದೇ ಓರೆಗೆ ಕೂರಿಸಿ. ಪೂರ್ತಿ ತಿಂದುಹೋದ ಮೊಳೆ ಮಾತ್ರ ಬದಲಿಸಿ.

▪️ ಗುಂಡು: ಸೈಕಲ್ ಅಂಗಡಿಯ ಬೇರಿಂಗ್ ಗುಂಡು ಆಗ್ತದೆ, ಆದ್ರೆ ಹಳೇ ಗುಂಡಿನ ಅಳತೆ ತೆಗೆದೇ ತನ್ನಿ. ಸ್ವಲ್ಪ ದೊಡ್ಡದಾದ್ರೂ ಮೊಳೆಗಳ ನಡುವೆ ಸಿಕ್ಕಿಕೊಳ್ತದೆ. ಗಾಜಿನ ಗೋಲಿಯ ಜಾಗಕ್ಕೆ ಅದೇ ಗಾತ್ರದ ಉಕ್ಕಿನ ಗುಂಡು ಹಾಕಿದ್ರೆ ಭಾರ ಹೆಚ್ಚು, ಸ್ಪ್ರಿಂಗ್ ಅದನ್ನು ಮೇಲೆ ತಲುಪಿಸುವುದಿಲ್ಲ.

▪️ ಸ್ಪ್ರಿಂಗ್: ಸೋತಿದೆ ಅಂತ ಎಳೆದು ಉದ್ದ ಮಾಡಿದ್ರೆ ನಾಲ್ಕು ದಿನ ಓಡ್ತದೆ, ಮತ್ತೆ ಕುಗ್ಗುತ್ತದೆ. ತಂತಿಯ ದಪ್ಪ, ಸುತ್ತು, ಉದ್ದ ನೋಡಿ ಅಂಥದ್ದೇ ಹುಡುಕಿ. ಹಳತನ್ನು ಬಿಸಾಡದೆ ಒಂದು ಲಕೋಟೆಯಲ್ಲಿ ಹಾಕಿ ಹಲಗೆಯ ಹಿಂದೆ ಅಂಟಿಸಿ.

▪️ ಬಣ್ಣ: ಒಣ ಸ್ಯಾಂಡ್‌ಪೇಪರ್ ಹಾಕ್ಲೇಬೇಡಿ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ. ಅದಕ್ಕಿಂತ ಹಳೇ ಬಣ್ಣದ ಧೂಳು ಮಕ್ಕಳಿರುವ ಮನೆಯಲ್ಲಿ ಏಳಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಸಾಕು.

▪️ ಕಾಲ: ಆಟಿ ತಿಂಗಳಲ್ಲಿ ಪಾಲಿಶ್ ಮಾಡ್ಬೇಡಿ ಮಾರಾಯ್ರೆ. ಗಾಳಿಯ ತೇವಕ್ಕೆ ಅದು ಬೂದಿ ಹಿಡಿದ ಹಾಗೆ ಬೆಳ್ಳಗಾಗ್ತದೆ. ಡಿಸೆಂಬರ್ ತನಕ ಕಾಯಿರಿ.

(5/5)

“ಇಷ್ಟೆಲ್ಲ ಎಂತಕ್ಕೆ? ತೊಳೆದು ಗೋಡೆಗೆ ತೂಗುಹಾಕಿದ್ರೆ ಚಂದ ಕಾಣ್ತದೆ” ಅಂತ ಹೇಳುವವರಿದ್ದಾರೆ. ಚಂದ ಹೌದು. ಆದ್ರೆ ನೇತುಹಾಕಿದ ಹಲಗೆಯಲ್ಲಿ ಗುಂಡು ಉರುಳುವುದಿಲ್ಲ. “ಬಗ್ಗಿದ ಮೊಳೆಯಲ್ಲಿ ಆಡಿದ್ರೆ ನ್ಯಾಯ ಎಲ್ಲಿ?” ಅಂತಲೂ ಕೇಳ್ತಾರೆ. ಎಲ್ಲರೂ ಆಡುವುದು ಅದೇ ಹಲಗೆಯಲ್ಲಿ ತಾನೇ? ಬಗ್ಗಿದ್ದು ಎಲ್ಲರಿಗೂ ಬಗ್ಗಿದ್ದೇ.

ನ್ಯೂಯಾರ್ಕ್ ನಗರದಲ್ಲಿ ಪಿನ್‌ಬಾಲನ್ನು ಬರೀ ಅದೃಷ್ಟದ ಆಟ, ಜುಗಾರಿ ಅಂತ ಮೂರು ದಶಕಕ್ಕೂ ಹೆಚ್ಚು ಕಾಲ ನಿಷೇಧಿಸಿದ್ದರು. 1976ರಲ್ಲಿ ರೋಜರ್ ಶಾರ್ಪ್ ಎಂಬವರು ನಗರಸಭೆಯವರ ಎದುರೇ ಮೆಷಿನ್ ಇಟ್ಟು, ಗುಂಡು ಎಲ್ಲಿಗೆ ಹೋಗ್ತದೆ ಅಂತ ಮೊದಲೇ ಹೇಳಿ ಆಡಿ ತೋರಿಸಿದರು. ನಿಷೇಧ ಹೋಯಿತು. ಫ್ಲಿಪ್ಪರ್ ಇಲ್ಲದ ಹಲಗೆಯಲ್ಲಿ ನಮ್ಮ ದೊಡ್ಡಮ್ಮ ಮಾಡುತ್ತಿದ್ದದ್ದೂ ಅದನ್ನೇ. ಅವರ ಆ ವಿದ್ಯೆ ಇದ್ದದ್ದು ಅರ್ಧ ಕೈಯಲ್ಲಿ, ಅರ್ಧ ಆ ಓರೆ ಮೊಳೆಯಲ್ಲಿ. ಕೈ ಇನ್ನೂ ಉಂಟು. ಮೊಳೆಯನ್ನು ನಾನು ಕಳೆದೆ.

ನಿಮ್ಮ ಅಟ್ಟದಲ್ಲಿ ಇಂಥದ್ದೊಂದು ಇದ್ರೆ ಈ ಆದಿತ್ಯವಾರ ಇಳಿಸಿ. ಸುತ್ತಿಗೆ ಹುಡುಕುವ ಮೊದಲು, ಅದರಲ್ಲಿ ಆಡಿ ಬೆಳೆದ ಹಿರಿಯರನ್ನು ಕರೆದು 20 ಗುಂಡು ಬಿಡ್ಲಿಕ್ಕೆ ಹೇಳಿ. ನೀವು ಪಕ್ಕದಲ್ಲಿ ಕೂತು ಬರ್ಕೊಳ್ಳಿ. ಅವರು ಯಾವ ಮೊಳೆಯನ್ನು ನೋಡಿ ಕಡ್ಡಿ ಎಳೀತಾರೋ, ಅದನ್ನು ಮಾತ್ರ ಮುಟ್ಟಬೇಡಿ.

#ಅಟ್ಟದಸಾಮಾನು #ಗೋಲಿಬೋರ್ಡ್ #ಕಟಪಾಡಿ #ಉಡುಪಿ