ಸೀಲು ಹೊಸದು, ಸೋರಿಕೆ ಹಳೆಯದು

ಹುಮನಾಬಾದ್ ಕಡೆಯಿಂದ ತೊಗರಿಬೇಳೆ ಹೇರಿಕೊಂಡು, ಜಹೀರಾಬಾದ್, ಸಂಗಾರೆಡ್ಡಿ ದಾಟಿ ಹೈದರಾಬಾದಿಗೆ ಬರುವ ಹಳೆಯ ಲಾರಿಗಳ ಅಡಿಗೆ ಬೆಳಿಗ್ಗೆ ಬಗ್ಗಿ ನೋಡಬೇಕು. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಲ್ಲಿ ಕಪ್ಪು ಹನಿಯೊಂದು ನೇತಾಡುತ್ತಿರುತ್ತದೆ. ಆಟೋನಗರದ ಶೆಡ್ಡಿಗೆ ಒಯ್ದರೆ ತೀರ್ಪು ನಿಂತಲ್ಲೇ ಬರುತ್ತದೆ: "ಪೀಛೇ ಕಾ ಸೀಲ್ ಗಯಾ." ಕನ್ನಡ, ತೆಲುಗು, ದಖನಿ ಮೂರನ್ನೂ ಬೆರೆಸಿ ಮಾತಾಡುವ ಬೀದರ್ ಸೀಮೆಯ ಡ್ರೈವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ರಾಣಿಗಂಜಿನಿಂದ ಸೀಲು ಬರುತ್ತದೆ, ಗೇರ್‌ಬಾಕ್ಸ್ ಇಳಿಯುತ್ತದೆ, ಕ್ಲಚ್ಚು, ಫ್ಲೈವೀಲು ಬಿಚ್ಚಿಕೊಳ್ಳುತ್ತವೆ. ಸೀಲಿನ ಬೆಲೆಗಿಂತ ಬಿಚ್ಚಿ ಕಟ್ಟುವ ಕೂಲಿಯೇ ಹಲವು ಪಟ್ಟು. ತಿಂಗಳು ಕಳೆಯುವುದರೊಳಗೆ ಹನಿ ಮತ್ತೆ ಅಲ್ಲೇ ನೇತಾಡುತ್ತದೆ. ಆಗ ಎರಡನೇ ತೀರ್ಪು: ಗಾಡಿ ಹಳೆಯದಾಯಿತು, ಮಾರಿಬಿಡಿ.

ಈ ಎರಡನೇ ತೀರ್ಪು ಅನ್ಯಾಯದ್ದು. ಮೊದಲನೆಯದನ್ನು ಪರೀಕ್ಷೆಯಿಲ್ಲದೆ ಕೊಟ್ಟದ್ದರಿಂದಲೇ ಎರಡನೆಯದು ಹುಟ್ಟುತ್ತದೆ.

ಕ್ರ್ಯಾಂಕ್ ಶಾಫ್ಟಿನ ಹಿಂದಿನ ಸೀಲು ತಾನಾಗಿ ಸಾಯುವುದು ಕಡಿಮೆ, ಅದನ್ನು ಕೊಲ್ಲುವವರು ಬೇರೆ ಇರುತ್ತಾರೆ. ಪಿಸ್ಟನ್ ರಿಂಗು, ಲೈನರ್ ಸವೆದರೆ ಉರಿದ ಗಾಳಿ ಕೆಳಗೆ ನುಗ್ಗಿ ಚೇಂಬರಿನಲ್ಲಿ ಒತ್ತಡ ಕಟ್ಟುತ್ತದೆ. ಅದು ಹೊರಗೆ ಹೋಗಬೇಕಾದದ್ದು ಬ್ರೀದರ್ ಪೈಪಿನಿಂದ. ವರ್ಷಗಟ್ಟಲೆ ಯಾರೂ ಮುಟ್ಟದ ಆ ಪೈಪು ಆಯಿಲ್ ಮಡ್ಡಿ, ಧೂಳು ಕಟ್ಟಿ ಮುಚ್ಚಿದ್ದರೆ ಒತ್ತಡ ಸೀಲಿನ ತುಟಿಯನ್ನೇ ಒದೆಯುತ್ತದೆ. ಅಂಥ ಎಂಜಿನ್ನಿಗೆ ಹತ್ತು ಸೀಲು ಹಾಕಿದರೂ ಹತ್ತೂ ಸೋರುತ್ತವೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಹೊಗೆ ಎಷ್ಟು ಜೋರಾಗಿ ಉಗುಳುತ್ತದೆ ಎಂದು ನೋಡುವುದಕ್ಕೆ ಒಂದು ನಿಮಿಷ ಸಾಕು. ಖರ್ಚು ಏನೂ ಇಲ್ಲ.

ಇನ್ನು ಆ ಹನಿ ಹಿಂದಿನ ಸೀಲಿನದೇ ಎಂದು ಯಾರು ಹೇಳಿದರು? ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಸೋರಿದರೂ, ಕಂಪ್ರೆಸರಿಗೆ ಹೋಗುವ ಆಯಿಲ್ ಪೈಪು ಬೆವರಿದರೂ, ಓಡುವ ಗಾಡಿಯ ಗಾಳಿ ಆಯಿಲನ್ನು ಹಿಂದಕ್ಕೇ ತಳ್ಳುತ್ತದೆ, ಕೊನೆಗೆ ತೊಟ್ಟಿಕ್ಕುವುದು ಅದೇ ಜಾಗದಲ್ಲಿ. ಗೇರ್‌ಬಾಕ್ಸಿನ ಮುಂದಿನ ಸೀಲು ಹೋದರೂ ಅಲ್ಲೇ. ಗೇರ್ ಆಯಿಲಿಗೆ ಗಂಧಕದ ವಾಸನೆ ಇರುತ್ತದೆ, ಬೆರಳಿಗೆ ತಗುಲಿಸಿ ಮೂಸಿದರೆ ಗೊತ್ತಾಗುತ್ತದೆ. ಹಳೆಯ ಮೇಸ್ತ್ರಿಗಳು ಎಂಜಿನ್ ತೊಳೆಸಿ, ಒಣಗಿಸಿ, ಪೌಡರ್ ಉದುರಿಸಿ, ಒಂದು ಸುತ್ತು ಓಡಿಸಿ ತಂದು ಒದ್ದೆಯ ಗೆರೆ ಎಲ್ಲಿಂದ ಇಳಿದಿದೆ ಎಂದು ನೋಡುತ್ತಿದ್ದರು. ಅಂಥವರು ಆಟೋನಗರದಲ್ಲಿ ಈಗಲೂ ಇದ್ದಾರೆ. ಆದರೆ ನೋಡಿದ್ದಕ್ಕೆ ಯಾವ ಮಾಲೀಕ ದುಡ್ಡು ಕೊಡುತ್ತಾನೆ? ಬಿಲ್ಲಿನಲ್ಲಿ ಸಾಮಾನಿಗೆ ಸಾಲಿದೆ, ಕೂಲಿಗೆ ಸಾಲಿದೆ, ಕಣ್ಣಿಗೆ ಸಾಲಿಲ್ಲ. ತಪ್ಪು ಮೇಸ್ತ್ರಿಯೊಬ್ಬನದೇ ಎನ್ನುವುದು ಸುಳ್ಳು.

ಸೀಲೇ ಹೋಗಿದೆ ಎಂದು ಖಚಿತವಾದ ಮೇಲೂ ಕೆಲಸ ಕೆಡುವ ದಾರಿಗಳಿವೆ. ಲಕ್ಷಾಂತರ ಕಿಲೋಮೀಟರ್ ಓಡಿದ ಕ್ರ್ಯಾಂಕಿನ ಮೇಲೆ ಸೀಲಿನ ತುಟಿ ಸಣ್ಣ ಗಾಡಿ ಕೊರೆದಿರುತ್ತದೆ, ಉಗುರು ಎಳೆದರೆ ಸಿಕ್ಕಿಹಾಕಿಕೊಳ್ಳುವಷ್ಟು. ಹೊಸ ಸೀಲನ್ನು ಅದೇ ಗಾಡಿಯ ಮೇಲೆ ಕೂರಿಸಿದರೆ ನಿಲ್ಲುವುದಿಲ್ಲ. ತೆಳು ಸ್ಲೀವ್ ಹೊಡೆಯಬೇಕು, ಇಲ್ಲವೇ ತುಟಿ ಸವೆಯದ ಜಾಗಕ್ಕೆ ಬೀಳುವಂತೆ ಸೀಲನ್ನು ಚೂರು ಆಚೀಚೆ ಕೂರಿಸಬೇಕು. ಥ್ರಸ್ಟ್ ವಾಷರ್ ಸವೆದು ಕ್ರ್ಯಾಂಕ್ ಹಿಂದೆ ಮುಂದೆ ಆಡುತ್ತಿದ್ದರೆ ಅದನ್ನೂ ಅಳೆಯಬೇಕು. ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲಿ: ಮಾಮೂಲಿ ರಬ್ಬರ್ ಸೀಲಿನ ತುಟಿಗೆ ಆಯಿಲ್ ಸವರಿ ಕೂರಿಸುವುದು ಸರಿ. ಟಾಟಾ ಲಾರಿಗಳಲ್ಲಿ ಬಂದ ಕಮಿನ್ಸ್ ಎಂಜಿನ್ನಿನ ಟೆಫ್ಲಾನ್ ತುಟಿಯ ಸೀಲಿಗೆ ಅದೇ ತಪ್ಪು. ಸೀಲೂ ಶಾಫ್ಟೂ ಶುದ್ಧ ಒಣಗಿರಬೇಕು, ಬೆರಳಿನ ಜಿಡ್ಡೂ ಆಗದು. "ಆಯಿಲ್ ಹಚ್ಚಿದರೆ ಒಳ್ಳೆಯದೇ ಅಲ್ಲವೇ" ಎಂಬ ಒಳ್ಳೆಯ ಮನಸ್ಸಿನಿಂದಲೇ ಎಷ್ಟೋ ಹೊಸ ಸೀಲುಗಳು ಹಾಳಾಗಿವೆ.

ಹಾಗೆಂದು ಹನಿಯನ್ನು ಕಡೆಗಣಿಸಿ ದಿನಾ ಅರ್ಧ ಲೀಟರ್ ಸುರಿಯುತ್ತಾ ಓಡಿಸುವವರಿಗೆ ಇದು ಸಮರ್ಥನೆಯಲ್ಲ. ಆಯಿಲ್ ಕ್ಲಚ್ ಪ್ಲೇಟಿಗೆ ಹತ್ತಿದರೆ ತುಂಬಿದ ಲಾರಿ ಏರಿನಲ್ಲಿ ಎಳೆಯುವುದಿಲ್ಲ. ರಸ್ತೆಗೆ ಬಿದ್ದದ್ದರ ಮೇಲೆ ಮೊದಲ ಮಳೆಯಲ್ಲಿ ಜಾರಿ ಬೀಳುವವನು ಬೈಕಿನವನು.

ಈಗ ಸರ್ಕಾರದ ತೀರ್ಪಿಗೆ ಬರೋಣ. 2021ರ ಆಗಸ್ಟಿನಲ್ಲಿ ಚಾಲನೆ ಪಡೆದ ಕೇಂದ್ರದ ಗುಜರಿ ನೀತಿ ಲಾರಿಗಳ ಮಟ್ಟಿಗೆ ಒಂದು ಸರಿಯಾದ ಮಾತು ಹೇಳುತ್ತದೆ: ಗುಜರಿಗೆ ಹೋಗಬೇಕಾದದ್ದು ಪರೀಕ್ಷೆಯಲ್ಲಿ ನಪಾಸಾದ ಗಾಡಿ. ಆದರೆ ಅದರ ಬೆನ್ನಿಗೇ ಬಂದ ನಿಯಮ 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಭಾರಿ ವಾಹನದ ಎಫ್‌ಸಿ ನವೀಕರಣಕ್ಕೆ 12,500 ರೂಪಾಯಿ ನಿಗದಿ ಮಾಡಿತ್ತು. ಆ ವಯಸ್ಸಿನ ಲಾರಿಗೆ ಎಫ್‌ಸಿ ವರ್ಷವರ್ಷವೂ ಬೇಕು. ಬ್ರೀದರ್ ತೊಳೆಸಿ, ಸ್ಲೀವ್ ಹೊಡೆಸಿ, ಒಂದು ಹನಿಯೂ ಬೀಳದಂತೆ ಇಟ್ಟುಕೊಂಡವನೂ ಅಷ್ಟೇ ಕಟ್ಟಬೇಕು, ಎರಡು ಕಡೆ ಆಯಿಲ್ ಸುರಿಸುವವನೂ ಅಷ್ಟೇ. ಹಳೆಯ ಡೀಸೆಲ್ ಎಂಜಿನ್ನು ಹೆಚ್ಚು ಹೊಗೆ ಬಿಡುತ್ತದೆ ಎಂಬ ವಾದದಲ್ಲಿ ತೂಕವಿದೆ. ಹಾಗಿದ್ದರೆ ಹೊಗೆಯನ್ನು ಅಳೆದು ಹೊಗೆಗೆ ದುಡ್ಡು ಕೇಳಲಿ. ವಯಸ್ಸಿಗೆ ಕೇಳಿದರೆ ಗಾಡಿ ಚೆನ್ನಾಗಿಟ್ಟುಕೊಳ್ಳುವವನಿಗೆ ಅದು ದಂಡವಾಗುತ್ತದೆ, ರಿಪೇರಿಗೆ ಇಟ್ಟ ದುಡ್ಡು ಶುಲ್ಕಕ್ಕೆ ಹೋಗುತ್ತದೆ. ಒಂದೇ ಲಾರಿ ಇಟ್ಟುಕೊಂಡು, ತಾನೇ ಓಡಿಸುವ ಮಾಲೀಕ ಆ ಶುಲ್ಕದ ದುಡ್ಡಿನಲ್ಲಿ ಗೇರ್‌ಬಾಕ್ಸ್ ಇಳಿಸುವ ಕೂಲಿ, ಸೀಲು, ಸ್ಲೀವು, ತೊಳೆಸುವ ಖರ್ಚು ಎಲ್ಲವನ್ನೂ ಲೆಕ್ಕ ಹಾಕಿ ನೋಡುತ್ತಾನೆ. ಆಮೇಲೆ ಶುಲ್ಕ ಕಟ್ಟಿ, ಹನಿಯ ಕೆಳಗೆ ತಗಡಿನ ಡಬ್ಬಿ ಇಡುತ್ತಾನೆ.