ಜಾನ್ ಎಂಬುದು ಇಂಗ್ಲಿಷ್ ಹೆಸರೇ?

ಶಿವಮೊಗ್ಗ, ಭದ್ರಾವತಿಯ ಶಾಲೆಗಳಲ್ಲಿ ‘ಜಾನ್’ ಎಂಬ ಹೆಸರಿನ ಹುಡುಗರು ಅಪರೂಪವೇನಲ್ಲ. ಹೆಸರು ಕೇಳಿದೊಡನೆ ‘ಇದು ಬ್ರಿಟಿಷರು ತಂದದ್ದು’ ಎಂದುಕೊಳ್ಳುವವರು ಹಲವರು. ಆ ಹುಡುಗನ ಮನೆತನವೂ ಹೊರಗಿನದೇ ಇರಬೇಕು ಎಂದು ತೀರ್ಮಾನಿಸುವವರೂ ಇದ್ದಾರೆ. ಇದು ಎಷ್ಟು ಸರಿ? ನೋಡೋಣ.

ಮೂಲ ಎಲ್ಲಿಯದು?

ಜಾನ್ ಹೆಸರಿನ ಮೂಲ ಇಂಗ್ಲೆಂಡ್ ಅಲ್ಲ, ಪಶ್ಚಿಮ ಏಷ್ಯಾ. ಹೀಬ್ರೂ ಭಾಷೆಯ ‘ಯೋಹಾನಾನ್’ ಎಂದರೆ ‘ದೇವರು ಕೃಪೆ ತೋರಿದ್ದಾನೆ’. ಅದು ಗ್ರೀಕಿನಲ್ಲಿ ‘ಇಯೋವಾನ್ನೆಸ್’, ಲ್ಯಾಟಿನ್‌ನಲ್ಲಿ ‘ಯೋಹಾನ್ನೆಸ್’ ಆಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ, ಫ್ರೆಂಚ್ ಪ್ರಭಾವದಿಂದ ಜಕಾರದ ರೂಪ ಅಲ್ಲಿ ಬೇರೂರಿತು. ಯಕಾರ ಜಕಾರವಾಗುವುದು ನಮಗೆ ಹೊಸತೇನಲ್ಲ: ಯಾತ್ರೆ ಜಾತ್ರೆಯಾಗಿದೆ, ಯೋಗಿ ಜೋಗಿಯಾಗಿದ್ದಾನೆ.

ನಮ್ಮೂರಿನ ಜಾನ್‌ಗಳು

ಇದೇ ಹೆಸರು ನಮ್ಮಲ್ಲಿ ಹಲವು ವೇಷಗಳಲ್ಲಿದೆ. ಪ್ರೊಟೆಸ್ಟಂಟರ ಕನ್ನಡ ಬೈಬಲ್‌ನಲ್ಲಿ ‘ಯೋಹಾನ’, ಕಥೋಲಿಕರ ಕನ್ನಡದಲ್ಲಿ ‘ಯೊವಾನ್ನ’. ಕರಾವಳಿಯಿಂದ ಮಲೆನಾಡಿಗೆ ಬಂದ ಕೊಂಕಣಿ ಕ್ರೈಸ್ತರಲ್ಲಿ ‘ಜುವಾಂವ್’. ಇದು ಪೋರ್ಚುಗೀಸರ ಮೂಲಕ ಬಂದ ರೂಪ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾಯಿತು. ಅಲ್ಲಿ ದುಡಿಯಲು ಬಂದವರಲ್ಲಿ ತಮಿಳು ಕುಟುಂಬಗಳೂ ಇದ್ದವು. ತಮಿಳು ಕಥೋಲಿಕರು ಹೆಸರಿನ ಉಚ್ಚಾರವನ್ನು ಬಿಟ್ಟು ಅರ್ಥವನ್ನೇ ಅನುವಾದಿಸಿಕೊಂಡಿದ್ದರು. ‘ಅರುಳ್’ ಎಂದರೆ ಕೃಪೆ. ಹೀಗೆ ಜಾನ್ ‘ಅರುಳಪ್ಪ’ನಾದ. ಮುಸ್ಲಿಮರಲ್ಲಿರುವ ‘ಯಾಹ್ಯಾ’ ಕೂಡ ಬೈಬಲ್‌ನ ಸ್ನಾನಿಕ ಯೋಹಾನನಿಗೆ ಖುರಾನಿನಲ್ಲಿರುವ ಹೆಸರು. ಇನ್ನು ಅರ್ಥವನ್ನೇ ನೋಡಿದರೆ, ನಮ್ಮ ಪ್ರಸಾದ್, ಶಿವಪ್ರಸಾದ್ ಕೂಡ ಜಾನ್‌ಗೆ ಹತ್ತಿರದವರೇ. ಸಂಸ್ಕೃತದ ‘ಪ್ರಸಾದ’ಕ್ಕೆ ಅನುಗ್ರಹ ಎಂಬ ಅರ್ಥವಿದೆ.

ಆದ್ದರಿಂದ ಹೆಸರು ಒಂದು ಕುಟುಂಬದ ನಂಬಿಕೆಯ ಸುಳಿವು ಕೊಡಬಹುದು. ಅವರು ಎಲ್ಲಿಯವರು, ಯಾವ ಭಾಷೆಯವರು ಎಂಬುದನ್ನು ಅದು ಹೇಳಲಾರದು.

ಅಕ್ಷರ ಕೂಡಿಸಿದರೆ ಅದೃಷ್ಟವೇ?

ಸಂಖ್ಯಾಶಾಸ್ತ್ರದ ಹೆಸರಿನಲ್ಲಿ ಇಂಗ್ಲಿಷ್ ಸ್ಪೆಲಿಂಗ್‌ಗೆ ಒಂದಕ್ಷರ ಸೇರಿಸಿ, ಒಂದಕ್ಷರ ತೆಗೆಯಿರಿ ಎನ್ನುವ ಸಲಹೆಗಳಿವೆ. ಆದರೆ ಜಾನ್, ಯೊವಾನ್ನ, ಜುವಾಂವ್ ಮೂರೂ ಒಂದೇ ಹೆಸರು; ಮೂರಕ್ಕೂ ಅಕ್ಷರಗಳ ಲೆಕ್ಕ ಬೇರೆ. ಲಿಪಿ ಬದಲಾದರೆ ಸಂಖ್ಯೆಯೂ ಬದಲು. ಹಾಗಾದರೆ ಅದೃಷ್ಟ ಯಾವ ಲಿಪಿಯನ್ನು ಓದುತ್ತದೆ? ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ.

ಸ್ಪೆಲಿಂಗ್‌ನಿಂದ ನಿಜವಾಗಿ ತೊಂದರೆಯಾಗುವುದು ದಾಖಲೆಗಳಲ್ಲಿ. ದೀಕ್ಷಾಸ್ನಾನದ ಪತ್ರದಲ್ಲಿ ಯೊವಾನ್ನ, ಶಾಲೆಯಲ್ಲಿ ಜಾನ್, ಆಧಾರ್‌ನಲ್ಲಿ ಮತ್ತೊಂದು ಎಂದಿದ್ದರೆ ಮುಂದೆ ಅಫಿಡವಿಟ್ ಹಿಡಿದು ಕಚೇರಿ ಸುತ್ತಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳ ವಿಷಯದಲ್ಲಿ ಶಾಲಾ ಪ್ರವೇಶದಿಂದ ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರಕ್ಕೇ ಹೆಚ್ಚಿನ ಮಹತ್ವ. ಮನೆಯಲ್ಲಿ ಮಗುವನ್ನು ಏನೆಂದಾದರೂ ಕರೆಯಿರಿ. ಆ ಪತ್ರದಲ್ಲಿ ಬರೆಸಿದ ಹೆಸರನ್ನೇ ಎಲ್ಲ ದಾಖಲೆಗಳಲ್ಲೂ ಉಳಿಸಿಕೊಳ್ಳಿ.